ಒಣಬಿಹಿಯ ಪೂರ್ವವೃತ್ತಾಂತ

ಮರದಿಂದ ಕಿತ್ತ ಕೂಡಲೆ ಬಾಯಿಗಿಡಲು ಬಾರದ ಹಣ್ಣೊಂದು ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ಮನುಷ್ಯನ ತೋಟದಲ್ಲಿಯೂ, ಅಡುಗೆಮನೆಯಲ್ಲಿಯೂ, ವೈದ್ಯನ ಮದ್ದಿನ ಪೆಟ್ಟಿಗೆಯಲ್ಲಿಯೂ ತನ್ನ ಸ್ಥಾನವನ್ನು ಬಿಟ್ಟುಕೊಡದೆ ಉಳಿದುಬಂದಿರುವುದು ಸಸ್ಯಚರಿತ್ರೆಯ ವಿಸ್ಮಯಗಳಲ್ಲಿ ಒಂದು. ಇಂಗ್ಲಿಷರು ಕ್ವಿನ್ಸ್ ಎಂದೂ, ಪಾರಸಿಕರು ಬೇಹ್ ಎಂದೂ, ಅರಬರು ಸಫರ್ಜಲ್ ಎಂದೂ, ಉರ್ದು ಬಲ್ಲ ಹಕೀಮರು ಬಿಹಿ ಎಂದೂ ಕರೆಯುವ, ನಮ್ಮ ಹಳೆಯ ಔಷಧಿಪಟ್ಟಿಗಳಲ್ಲಿ ಸೀಮೆದಾಳಿಂಬೆಯೆಂದು ಕಾಣಸಿಗುವ ಈ ಫಲವು ಸೇಬು ಮತ್ತು ಮರಸೇಬುಗಳ ಹತ್ತಿರದ ದಾಯಾದಿ. ಹೊರಗಿನಿಂದ ನೋಡಿದರೆ ಇದರಲ್ಲಿ ಕುಂದೇನೂ ಇಲ್ಲ: ಹೊಂಬಣ್ಣದ ಸಿಪ್ಪೆ, ಅದರ ಮೇಲೆ ಬೆರಳಿನಿಂದ ಒರೆಸಿದರೆ ಜಾರಿಹೋಗುವ ಬೂದುಬಣ್ಣದ ನವಿರಾದ ರೋಮ, ಒಂದೇ ಒಂದು ಹಣ್ಣನ್ನಿಟ್ಟರೆ ಕೋಣೆಯನ್ನೆಲ್ಲ ತುಂಬುವ ಪರಿಮಳ. ಆದರೆ ಆ ಪರಿಮಳಕ್ಕೆ ಮರುಳಾಗಿ ಕಚ್ಚಿದವನ ನಾಲಗೆ ಒಗರಿನಿಂದ ಮರಗಟ್ಟುತ್ತದೆ. ತಿರುಳಿನಲ್ಲಿ ಹರಡಿರುವ ಕಲ್ಲುಕಣಗಳು ಹಲ್ಲಿಗೆ ಮರಳಿನಂತೆ ಸಿಕ್ಕುತ್ತವೆ. ಹುಳಿಯೊಂದು ಗಂಟಲಲ್ಲಿ ನಿಂತುಬಿಡುತ್ತದೆ. ಆದುದರಿಂದ ಬಿಹಿಯ ಚರಿತ್ರೆಯನ್ನು ಬರೆಯಹೊರಟವನು ತೋಟದಲ್ಲಿ ಹೆಚ್ಚು ಹೊತ್ತು ನಿಲ್ಲಲಾರ. ಅವನು ಒಲೆಯ ಬಳಿಗೂ, ಬಿಸಿಲುಮಾಳಿಗೆಗೂ, ಗಾಂಧಿಕನ ಅಂಗಡಿಗೂ ಹೋಗಲೇಬೇಕು.

ಕಾಸ್ಪಿಯನ್ ಸಮುದ್ರದ ದಕ್ಷಿಣತೀರದಿಂದ ಕಾಕೇಸಸ್ ಪರ್ವತಗಳ ತಪ್ಪಲಿನವರೆಗೆ ಹಬ್ಬಿರುವ ಕಾಡುಪ್ರದೇಶವೇ ಇದರ ತವರೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಅಲ್ಲಿಂದ ಅದು ಮೆಸೊಪೊಟೇಮಿಯಕ್ಕೂ, ಅನಾತೋಲಿಯದ ಮೂಲಕ ಗ್ರೀಕರ ನಾಡಿಗೂ ಹೋಯಿತು. ಗ್ರೀಕರು ಕ್ರೀಟ್ ದ್ವೀಪದ ಕಿಡೋನಿಯ ಪಟ್ಟಣದ ಹೆಸರಿನಿಂದ ಇದನ್ನು ಗುರುತಿಸಿದರು. ಆ ಪಟ್ಟಣವೇ ಈಗಿನ ಹನಿಯ. ಅಥೆನ್ಸಿನ ಶಾಸನಕರ್ತನಾದ ಸೋಲನ್ ಮದುವಣಗಿತ್ತಿಯು ಶಯನಗೃಹವನ್ನು ಪ್ರವೇಶಿಸುವ ಮುನ್ನ ಬಿಹಿಯ ಹಣ್ಣೊಂದನ್ನು ತಿನ್ನಬೇಕೆಂದು ವಿಧಿಸಿದನೆಂಬುದನ್ನು ಪ್ಲೂಟಾರ್ಕ್ ದಾಖಲಿಸಿ, ಮೊದಲ ಮಾತು ಸುಗಂಧಮಯವೂ ಮಧುರವೂ ಆಗಿರಲೆಂಬುದೇ ಅದರ ಆಶಯವೆಂದು ವ್ಯಾಖ್ಯಾನ ಮಾಡುತ್ತಾನೆ. ಹಸಿಯ ಬಿಹಿಯನ್ನು ರುಚಿ ನೋಡಿ ಬಲ್ಲವರಿಗೆ ಈ ವ್ಯಾಖ್ಯಾನ ತುಸು ಸಂಶಯಾಸ್ಪದವಾಗಿ ತೋರಿದರೆ ಆಶ್ಚರ್ಯವಿಲ್ಲ. ಅದನ್ನು ತಿಂದ ಮೇಲೆ ಮಾತೇ ಹೊರಡದಿರುವ ಸಂಭವವೂ ಉಂಟು. ರೋಮಿನ ಶ್ರೀಮಂತರಾದರೋ ಇದನ್ನು ತಿನ್ನುವುದಕ್ಕಿಂತ ಮೂಸುವುದಕ್ಕೇ ಹೆಚ್ಚಾಗಿ ಬಳಸಿದಂತಿದೆ. ಅತಿಥಿಗಳು ಕಾದು ಕುಳಿತುಕೊಳ್ಳುವ ಕೋಣೆಗಳಲ್ಲಿ ಬಿಹಿಹಣ್ಣುಗಳನ್ನು ಇಡುವ ವಾಡಿಕೆಯನ್ನು ಪ್ಲಿನಿಯ ವಿಶ್ವಕೋಶದಲ್ಲಿ ಕಾಣಬಹುದು.

ವೈದ್ಯರ ದೃಷ್ಟಿ ಬೇರೆ. ಕ್ರಿಸ್ತಶಕ ಮೊದಲನೆಯ ಶತಮಾನದ ಡಯಾಸ್ಕೊರಿಡೀಸನು ತನ್ನ ದ್ರವ್ಯಗುಣಗ್ರಂಥದಲ್ಲಿ ಬಿಹಿಯನ್ನು ಜಠರಕ್ಕೆ ಹಿತವಾದುದೆಂದೂ, ಅತಿಸಾರ ಆಮಶಂಕೆಗಳನ್ನು ಕಟ್ಟುವುದೆಂದೂ ಹೇಳುತ್ತಾನೆ. ಸಾಮ್ರಾಟರಿಗೆ ಚಿಕಿತ್ಸೆ ನೀಡುತ್ತಿದ್ದ ಎರಡನೆಯ ಶತಮಾನದ ಗ್ಯಾಲೆನನು ಇನ್ನಷ್ಟು ಮುಂದಕ್ಕೆ ಹೋಗಿ, ಹಸಿವು ಕುಂದಿದವರಿಗಾಗಿ ಬಿಹಿಯ ರಸ, ಜೇನು, ವಿನೆಗರ್ ಇವನ್ನು ಒಟ್ಟಿಗೆ ಕಾಯಿಸಿ, ನೊರೆ ತೆಗೆದು, ಶುಂಠಿಯನ್ನೂ ಬಿಳಿಯ ಮೆಣಸನ್ನೂ ಕೂಡಿಸಿ ಇಳಿಸುವ ಲೇಹ್ಯವೊಂದರ ಪಾಕವನ್ನು ಬರೆದಿಟ್ಟನು. ಆ ಕಾಲದ ರೋಮಿಗೆ ಮೆಣಸು ಹಡಗೇರಿ ಹೋಗುತ್ತಿದ್ದುದು ಭಾರತದ ಪಶ್ಚಿಮಕರಾವಳಿಯಿಂದ. ಬಿಹಿಯು ದಖನ್ನಿನ ಕಡೆಗೆ ಮುಖ ಮಾಡುವುದಕ್ಕೆ ಬಹು ಮುಂಚೆಯೇ ನಮ್ಮ ಮೆಣಸು ಅದನ್ನು ಹುಡುಕಿಕೊಂಡು ಹೋಗಿ ಅದರ ಪಾತ್ರೆಯಲ್ಲಿ ಬಿದ್ದಿತ್ತು. ಗ್ಯಾಲೆನನು ಹೇಳುವ ಮತ್ತೊಂದು ಸಂಗತಿ ನಮ್ಮ ಪ್ರಕೃತವಿಷಯಕ್ಕೆ ಇನ್ನೂ ಹತ್ತಿರದ್ದು. ಜೇನಿನೊಡನೆ ಬೇಯಿಸಿ ಗಟ್ಟಿಮಾಡಿದ ಬಿಹಿಯ ತಿರುಳು ಐಬೀರಿಯದಿಂದ, ಎಂದರೆ ಈಗಿನ ಸ್ಪೇನಿನ ಕಡೆಯಿಂದ, ಹೊಸ ಮಡಕೆಗಳಲ್ಲಿ ತುಂಬಿ ರೋಮಿಗೆ ಬರುತ್ತಿತ್ತಂತೆ. ಅಷ್ಟು ದೂರದ ಪಯಣದಲ್ಲಿಯೂ ಅದು ಕೆಡುತ್ತಿರಲಿಲ್ಲ.

ಕೆಡದಿರುವ ಈ ಗುಣವೇ ಬಿಹಿಯ ಭಾಗ್ಯವನ್ನು ನಿರ್ಣಯಿಸಿತೆಂದು ನನ್ನ ಎಣಿಕೆ. ಅಂಜೂರವು ಮಾಗಿದ ಮಾರನೆಯ ದಿನವೇ ಮಿದುವಾಗಿ ಕುಸಿಯುತ್ತದೆ, ದ್ರಾಕ್ಷಿ ಹುಳಿಯುತ್ತದೆ, ಏಪ್ರಿಕಾಟು ಬಿರಿದು ನೊಣಗಳನ್ನು ಕರೆಯುತ್ತದೆ. ಇವುಗಳನ್ನು ಮನುಷ್ಯನು ಒಣಗಿಸಿದ್ದು ನಷ್ಟವನ್ನು ತಪ್ಪಿಸಿಕೊಳ್ಳುವುದಕ್ಕಾಗಿ, ಮತ್ತು ಒಣಗಿದ್ದರಲ್ಲಿ ಹಸಿಯದರ ರುಚಿಯ ನೆನಪನ್ನು ಉಳಿಸಿಕೊಳ್ಳುವುದಕ್ಕಾಗಿ. ಬಿಹಿಯ ವಿಷಯದಲ್ಲಿ ಹಾಗೆ ಉಳಿಸಿಕೊಳ್ಳಬೇಕಾದ ಹಸಿರುಚಿಯೇ ಇರಲಿಲ್ಲ. ಬಿಸಿಲೂ ಬೆಂಕಿಯೂ ಮುಟ್ಟಿದ ಮೇಲೆಯೇ ಅದಕ್ಕೆ ರುಚಿ ಹುಟ್ಟುವುದು. ಬಹಳ ಹೊತ್ತು ಬೇಯಿಸಿದಾಗ ಅದರ ಕೆನೆಬಣ್ಣದ ತಿರುಳು ಮೊದಲು ನಸುಗೆಂಪಾಗಿ ಆಮೇಲೆ ಇಟ್ಟಿಗೆಯ ಕೆಂಪಿಗೆ ತಿರುಗುವುದನ್ನು ಕಂಡವರಿಗೆ ಇದು ರಸವಾದದ ಒಂದು ಪ್ರಯೋಗದಂತೆಯೇ ತೋರೀತು; ಒಗರನ್ನು ಕೊಡುವ ಟ್ಯಾನಿನ್ ದ್ರವ್ಯಗಳು ಹುಳಿಯ ಸಾನ್ನಿಧ್ಯದಲ್ಲಿ ಕಾವು ತಗುಲಿ ಒಡೆದು ಕೆಂಪು ವರ್ಣದ್ರವ್ಯಗಳಾಗಿ ಪರಿಣಮಿಸುವುದೇ ಇದರ ರಹಸ್ಯವೆಂದು ರಸಾಯನಶಾಸ್ತ್ರವು ವಿವರಿಸುತ್ತದೆ. ನಾಲಗೆಯನ್ನು ಮರಗಟ್ಟಿಸಿದ ವಸ್ತುವೇ ಬಣ್ಣವಾಗಿ ಕಣ್ಣಿಗೆ ಹಬ್ಬವಾಗುತ್ತದೆ.

ಒಣಗಿಸುವ ಕ್ರಮದಲ್ಲಿ ಅಂತಹ ಕೌಶಲವೇನೂ ಇಲ್ಲ, ಇರುವುದೆಲ್ಲ ತಾಳ್ಮೆ. ಬಿಹಿ ಕೊಯ್ಲಿಗೆ ಬರುವುದು ಶರತ್ಕಾಲದ ಕೊನೆಯಲ್ಲಿ, ಉಳಿದ ಹಣ್ಣುಗಳೆಲ್ಲ ಮುಗಿದ ಮೇಲೆ. ಮೊದಲು ಒರಟು ಬಟ್ಟೆಯಿಂದ ಮೇಲಿನ ರೋಮವನ್ನು ಒರೆಸಿ ತೆಗೆಯಬೇಕು. ಉಳಿದರೆ ಅದು ಗಂಟಲನ್ನು ಕೆರೆಯುತ್ತದೆ. ಅನಂತರ ಹಣ್ಣನ್ನು ಸೀಳುವುದು. ಇದೇ ಕಷ್ಟದ ಭಾಗ: ಕತ್ತಿ ನಡುವಿನವರೆಗೆ ಹೋಗಿ ಕಲ್ಲುಕಣಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಕೈಯ ಭಾರವನ್ನೆಲ್ಲ ಹಾಕಿ ಒತ್ತಬೇಕಾಗುತ್ತದೆ. ಸೀಳಿದ ಹಣ್ಣಿನ ನಡುವೆ ಐದು ಗೂಡುಗಳು. ಸೇಬಿನ ಗೂಡಿನಲ್ಲಿ ಎರಡೇ ಬೀಜಗಳಿದ್ದರೆ ಇಲ್ಲಿ ಒಂದೊಂದರಲ್ಲಿಯೂ ಎರಡು ಸಾಲಾಗಿ ಒತ್ತೊತ್ತಿಗೆ ಅಂಟಿಕೊಂಡ ಹಲವು ಕಂದುಬೀಜಗಳು. ಗೂಡನ್ನು ಕೆತ್ತಿ ತೆಗೆದು, ಬೀಜಗಳನ್ನು ಬೇರೆಯಾಗಿ ಒಂದು ಬಟ್ಟೆಯ ಮೇಲೆ ಹರವಿ, ತಿರುಳನ್ನು ಕಿರುಬೆರಳಿನ ದಪ್ಪದ ಹೋಳುಗಳಾಗಿ ಹೆಚ್ಚಿ, ಚಾಪೆಯ ಮೇಲೆ ಹಾಸಿಯೋ ದಾರದಲ್ಲಿ ಪೋಣಿಸಿ ಸೂರಿಗೆ ತೂಗುಬಿಟ್ಟೋ ಒಣಗಿಸುತ್ತಾರೆ. ಹೆಚ್ಚಿದ ಕೆಲವೇ ನಿಮಿಷಗಳಲ್ಲಿ ಹೋಳಿನ ಅಂಚು ಕಂದಾಗುತ್ತದೆ; ನೋಟಕ್ಕೆ ಬೆಲೆ ಕೊಡುವವರು ಹುಳಿನೀರಿನಲ್ಲಿ ಅದ್ದಿ ತೆಗೆಯುವುದುಂಟು, ಮನೆಬಳಕೆಯವರು ಅದನ್ನು ಲೆಕ್ಕಿಸುವುದಿಲ್ಲ. ಹಸಿಯ ಹಣ್ಣಿನ ನೂರರಲ್ಲಿ 84 ಪಾಲು ನೀರೇ ಆದುದರಿಂದ, ಗೂಡೂ ಸಿಪ್ಪೆಯ ಕಲೆಗಳೂ ಕಳೆದ ಮೇಲೆ, ಐದು ಸೇರು ಹಣ್ಣಿಗೆ ಒಂದು ಸೇರು ಒಣಹೋಳು ಸಿಕ್ಕುವುದೂ ಕಷ್ಟವೇ. ಚೆನ್ನಾಗಿ ಒಣಗಿದ ಹೋಳು ಉಗುರಿಗೆ ಮಣಿಯದು. ಬಗ್ಗಿಸಿದರೆ ಬಗ್ಗೀತು, ಮುರಿಯದು. ಮೂಗಿನ ಬಳಿ ಹಿಡಿದರೆ ಹಸಿಯದರ ಪರಿಮಳ ತಗ್ಗಿದ ದನಿಯಲ್ಲಿ ಇನ್ನೂ ಇದ್ದೇ ಇರುತ್ತದೆ.

ಈ ಹೋಳು ಇರಾನಿನ ಮನೆಗಳಲ್ಲಿ ಮಾಂಸ ಮತ್ತು ಕಡಲೆಬೇಳೆಗಳ ಸಾರಿಗೆ ಬೀಳುತ್ತದೆ. ಮಧ್ಯ ಏಷ್ಯದ ಪಲಾವಿನಲ್ಲಿ ಅಕ್ಕಿಯ ಕೆಳಗೆ ಅಡಗಿ ಕೊಬ್ಬಿನ ಭಾರವನ್ನು ತನ್ನ ಹುಳಿಯಿಂದ ಹಗುರ ಮಾಡುವುದು ಹಸಿಯ ಬಿಹಿ, ಅದು ಮುಗಿದ ತಿಂಗಳುಗಳಲ್ಲಿ ಒಣಬಿಹಿ. ಬಿಸಿನೀರಿನಲ್ಲಿ ನೆನೆಹಾಕಿ ಚಹದಂತೆ ಕುಡಿಯುವುದೂ ಉಂಟು. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ ಬಿಹಿಯನ್ನು ಬೆಳೆದು, ಒಣಗಿಸಿ, ಅಡುಗೆಗೆ ಬಳಸುವ ಸಂಪ್ರದಾಯ ನಿಜವಾಗಿ ಬೇರೂರಿರುವುದು ಕಾಶ್ಮೀರದ ಕಣಿವೆಯಲ್ಲಿ. ಅಲ್ಲಿ ಅದು ಬಮ್‌ಚೂಂಠ್; ಬದನೆಕಾಯಿಯೊಡನೆ ಅದನ್ನು ಬೇಯಿಸಿದ ಪಲ್ಯ ಕಾಶ್ಮೀರಿ ಊಟದ ಹಳೆಯ ಪದಾರ್ಥಗಳಲ್ಲಿ ಒಂದು. ಸೋರೆಕಾಯಿ, ಬದನೆ, ಟೊಮ್ಯಾಟೊ, ಟರ್ನಿಪ್ಪುಗಳನ್ನು ಹೋಳುಮಾಡಿ ಬಿಸಿಲಿನಲ್ಲಿ ಒಣಗಿಸಿ ಹಿಮಗಾಲಕ್ಕೆ ಕೂಡಿಡುವ ಹೋಖ್ ಸ್ಯೂನ್ ಎಂಬ ಪದ್ಧತಿಯೊಳಗೆ ಬಿಹಿಯೂ ಸೇಬೂ ಸೇರಿಕೊಂಡಿವೆ. ನಮ್ಮ ಬಯಲುಸೀಮೆಯ ಹೆಂಗಸರು ಬೇಸಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಬಾಳಕಗಳನ್ನು ಹರವುವುದು ಮಳೆಗಾಲಕ್ಕೆಂದಾದರೆ, ಅಲ್ಲಿಯವರು ಶರತ್ಕಾಲದಲ್ಲಿ ಹರವುವುದು ಹಿಮಕ್ಕೆಂದು.

ಇನ್ನು ವೈದ್ಯಕ್ಕೆ ಬರೋಣ. ಗ್ರೀಕರ ಈ ವಿದ್ಯೆ ಅರಬೀ ಭಾಷೆಗೆ ಇಳಿದು, ಬುಖಾರದ ಸಮೀಪದಲ್ಲಿ ಹುಟ್ಟಿದ ಇಬ್ನ್ ಸೀನಾನ (980–1037) ಕೈಯಲ್ಲಿ ಶಾಸ್ತ್ರರೂಪವನ್ನು ಪಡೆದು, ಯುನಾನಿಯೆಂಬ ಹೆಸರಿನಿಂದ ಪೂರ್ವಕ್ಕೆ ಹರಿಯಿತಷ್ಟೆ. ಗ್ಯಾಲೆನನಿಗೆ ಬಿಹಿ ಪರಿಚಿತವಾದ ಹಣ್ಣು. ಇಬ್ನ್ ಸೀನಾನಿಗೂ ಅವನ ಹಿಂದೆ ಬಂದ ಪಾರಸಿಕ ಹಕೀಮರಿಗೂ ಅದು ಹಿತ್ತಲಿನ ಹಣ್ಣು. ಪ್ರವಾದಿಯವರ ಹೆಸರಿನೊಡನೆ ಬೆಳೆದುಬಂದ ವೈದ್ಯಪರಂಪರೆಯಲ್ಲಿಯೂ ಸಫರ್ಜಲಿಗೆ ಗೌರವದ ಸ್ಥಾನವಿದೆ. ಅದು ಎದೆಯ ತಳಮಳವನ್ನು ಶಮನಗೊಳಿಸುವುದೆಂಬ ನಂಬಿಕೆ ಅಲ್ಲಿಂದ ಬಂದದ್ದು. ಯುನಾನಿಯವರು ಈ ಒಂದೇ ಹಣ್ಣಿನೊಳಗೆ ಪರಸ್ಪರ ವಿರುದ್ಧವಾದ ಎರಡು ಸ್ವಭಾವಗಳನ್ನು ಕಂಡರೆಂಬುದು ಗಮನಾರ್ಹ. ತಿರುಳು, ಅದರಲ್ಲಿಯೂ ಹುಳಿಜಾತಿಯ ತಿರುಳು, ಶೀತವೂ ರೂಕ್ಷವೂ ಆದುದು. ಸಡಿಲವಾದುದನ್ನು ಬಿಗಿಮಾಡುವುದು, ಹರಿಯುವುದನ್ನು ಕಟ್ಟುವುದು ಅದರ ಕೆಲಸ. ಬೀಜವಾದರೋ ಶೀತವೂ ಸ್ನಿಗ್ಧವೂ ಆದುದು. ಒಣಗಿದುದನ್ನು ಮಿದುಮಾಡುವುದು, ಉರಿಯುವುದನ್ನು ಆರಿಸುವುದು ಅದರ ಕೆಲಸ. ಆದಕಾರಣ ತಿರುಳು ಹೊಟ್ಟೆಯ ಮದ್ದಾಯಿತು, ಬೀಜ ಗಂಟಲಿನ ಮದ್ದಾಯಿತು. ಬಿಹಿಯಿಂದ ಮಾಡುವ ಜವಾರಿಶ್ ಎ ಸಫರ್ಜಲಿ ಎಂಬ ಪಾಚಕಲೇಹ್ಯದಲ್ಲಿ ಮತ್ತೊಂದು ಚಮತ್ಕಾರವುಂಟು: ಅದರಲ್ಲಿ ಮಲವನ್ನು ಕಟ್ಟುವ ಕಾಬಿಜ್ ಎಂಬ ಪಾಕವೊಂದು, ಮಲವನ್ನು ಇಳಿಸುವ ಮುಸ್‌ಹಿಲ್ ಎಂಬ ಪಾಕ ಮತ್ತೊಂದು. ಎರಡನೆಯದರಲ್ಲಿ ರೇಚಕದ್ರವ್ಯಗಳು ಬೇರೆ ಕೂಡುತ್ತವೆ. ಬಿಹಿ ಅಲ್ಲಿ ಅವುಗಳ ಉಗ್ರತೆಯಿಂದ ಜಠರವನ್ನು ಕಾಯುವ ಕಾವಲುಗಾರ.

ಬಿಹಿದಾನೆಯೆಂದು ಹೆಸರಾದ ಬೀಜದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಒಂದು ಚಿಟಿಕೆ ಬೀಜವನ್ನು ಬಟ್ಟಲು ತಣ್ಣೀರಿನಲ್ಲಿ ಹಾಕಿಟ್ಟರೆ ಅರ್ಧ ಗಂಟೆಯೊಳಗಾಗಿ ಒಂದೊಂದು ಬೀಜದ ಸುತ್ತಲೂ ಪಾರದರ್ಶಕವಾದ ಲೋಳೆ ಉಬ್ಬಿ, ಕಲಕಿದಾಗ ಬಟ್ಟಲಿನ ನೀರೆಲ್ಲವೂ ಮಂದವಾಗಿ ಎಳೆಯೆಳೆಯಾಗಿ ಸುರಿಯತೊಡಗುತ್ತದೆ. ಕಾಮಕಸ್ತೂರಿಯ ಬೀಜವನ್ನು ಬಲ್ಲವರಿಗೆ ಇದು ಹೊಸದಲ್ಲ, ಆದರೆ ಬಿಹಿದಾನೆಯ ಲೋಳೆ ಬೀಜವನ್ನು ಬಿಟ್ಟು ನೀರಿನಲ್ಲಿ ಕರಗುವುದು ಹೆಚ್ಚು. ತೆಳುಬಟ್ಟೆಯಲ್ಲಿ ಸೋಸಿ, ಕಲ್ಲುಸಕ್ಕರೆ ಬೆರೆಸಿ, ಒಣಕೆಮ್ಮಿಗೂ ಗಂಟಲುರಿಗೂ ಗುಟುಕು ಗುಟುಕಾಗಿ ಕುಡಿಯುವುದು ಇರಾನಿನಿಂದ ಬಂಗಾಳದವರೆಗೆ ಒಂದೇ ಕ್ರಮ. ನೆಗಡಿಗೆಂದು ಹಕೀಮರು ಬರೆಯುವ ಕಷಾಯದ ಚೀಟಿಯಲ್ಲಿ ಮೂರು ವಸ್ತುಗಳು ಪ್ರಾಯಃ ಒಟ್ಟಿಗೇ ಬರುತ್ತವೆ: ಬಿಹಿದಾನೆ, ಎಲಚಿಯ ಜಾತಿಯ ಉನ್ನಾಬ್, ನಮ್ಮ ಚಳ್ಳೆಹಣ್ಣಿನ ಒಣರೂಪವಾದ ಸಪಿಸ್ತಾನ್. ಮೂರಕ್ಕೂ ಲೋಳೆಯೇ ಬಲ. ಲಂಡನ್ನಿನ ಫಾರ್ಮಕೊಪಿಯದಲ್ಲಿಯೂ ಈ ಬೀಜದ ಕಷಾಯಕ್ಕೆ ಸ್ಥಾನವಿದ್ದಿತು. ಯುರೋಪಿನ ಹೆಂಗಸರು ಇದೇ ಲೋಳೆಯಿಂದ ಮುಂಗುರುಳನ್ನು ನಿಲ್ಲಿಸುತ್ತಿದ್ದರು. ಬಣ್ಣಗಳನ್ನು ನೀರಿನ ಮೇಲೆ ತೇಲಿಸಿ ಕಾಗದಕ್ಕೆ ಮೊಹರೊತ್ತುವ ಅಮೃತಶಿಲಾವರ್ಣದ ಕಾಗದದ ಕುಶಲಿಗಳು ನೀರನ್ನು ಮಂದಗೊಳಿಸಲು ಬಳಸುತ್ತಿದ್ದ ಲೋಳೆಗಳಲ್ಲಿ ಇದೂ ಒಂದು.

ಇಷ್ಟೆಲ್ಲ ಕೀರ್ತಿಯ ಈ ಹಣ್ಣು ಕನ್ನಡನಾಡಿಗೆ ಯಾವ ದಾರಿಯಿಂದ, ಯಾವ ರೂಪದಲ್ಲಿ ಬಂದಿತು? ಚಳಿಗಾಲದ ಶೀತದಲ್ಲಿ ಎಲೆಯುದುರಿಸಿ ವಿಶ್ರಾಂತಿ ಪಡೆಯದೆ ಹೂಬಿಡದ ಮರವಾದುದರಿಂದ ಅದು ನಮ್ಮ ನೆಲದಲ್ಲಿ ಬೇರೂರುವ ಸಂಭವವಿರಲಿಲ್ಲ. ಬರಬೇಕಾದರೆ ಒಣಗಿಯೇ ಬರಬೇಕಾಗಿತ್ತು. ಬಹಮನಿ ರಾಜ್ಯದ ದಿವಾನನಾಗಿ ಹೆಸರಾದ ಮಹಮೂದ್ ಗವಾನನು ಕಾಸ್ಪಿಯನ್ ತೀರದ ಗೀಲಾನ್ ಪ್ರಾಂತದವನು, ಎಂದರೆ ಬಿಹಿಯ ತವರಿನವನೇ. ವ್ಯಾಪಾರಿಯಾಗಿ ಬೀದರಿಗೆ ಬಂದವನು. 1472ರಲ್ಲಿ ಅವನು ಕಟ್ಟಿಸಿದ ಮದರಸೆಗೆ ಪಾರಸಿಕದಿಂದ ವಿದ್ವಾಂಸರು ಬಂದರು. ಬೀದರ್, ಬಿಜಾಪುರ, ಗುಲ್ಬರ್ಗಗಳಿಗೆ ಅವರ ಜೊತೆಯಲ್ಲಿಯೂ ಹಿಂದೆಯೂ ಬಂದ ಹಕೀಮರು ತಮ್ಮ ಮದ್ದುಗಳನ್ನು ತಮ್ಮ ನಾಡಿನಿಂದಲೇ ತರಿಸಿಕೊಳ್ಳಬೇಕಾಗಿದ್ದಿತು. ಎರಡನೆಯ ಇಬ್ರಾಹಿಮ್ ಆದಿಲ್‌ಶಾಹನ ಬಿಜಾಪುರದಲ್ಲಿ ಕುಳಿತು ಚರಿತ್ರೆಯನ್ನು ಬರೆದ ಫರಿಷ್ತನು ಸ್ವತಃ ವೈದ್ಯವನ್ನು ಬಲ್ಲವನಾಗಿದ್ದು, ಈ ದೇಶದ ವೈದ್ಯವನ್ನು ತನ್ನವರಿಗೆ ಪರಿಚಯಿಸುವುದಕ್ಕೆಂದು ಗ್ರಂಥವೊಂದನ್ನು ರಚಿಸಿದನೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಕೂಡ ಅನೇಕವೇಳೆ ಮರೆಯುತ್ತಾರೆ. ಪರದೇಶದ ಮದ್ದು ದೂರವಾದಾಗ ಸ್ವದೇಶದ ಮದ್ದನ್ನು ಹುಡುಕುವುದು ವೈದ್ಯನಿಗೆ ಅನಿವಾರ್ಯವೇ ಸರಿ.

ಆಮೇಲಿನ ಶತಮಾನಗಳಲ್ಲಿ ಒಣಹಣ್ಣುಗಳನ್ನು ಕಾಬೂಲಿನ ಕಡೆಯಿಂದ ಒಂಟೆಗಳ ಮೇಲೆ ಹೇರಿ ಗೋಮಲ್ ಖೈಬರ್ ಕಣಿವೆಗಳ ಮೂಲಕ ಇಳಿಸುತ್ತಿದ್ದ ಪವಿಂದರೂ, ರವೀಂದ್ರರ ಕಥೆಯಿಂದ ನಮಗೆಲ್ಲ ಮನೆಯವನಂತಾದ ಕಾಬೂಲಿವಾಲನೂ ಒಂದು ದಾರಿ. ಪಾರಸಿಕ ಕೊಲ್ಲಿಯ ಬಂದರುಗಳಿಂದ ಬೊಂಬಾಯಿಗೆ ಬರುತ್ತಿದ್ದ ಹಡಗುಗಳು ಇನ್ನೊಂದು ದಾರಿ. ಹೀಗೆ ಬಂದ ಸರಕಿನಲ್ಲಿ ಹೋಳಿಗಿಂತ ಬೀಜಕ್ಕೆ ಬೆಲೆ ಹೆಚ್ಚು, ಭಾರ ಕಡಿಮೆ. ದಕ್ಷಿಣಕ್ಕೆ ಬರಬರುತ್ತ ಹೋಳು ದಾರಿಯಲ್ಲಿಯೇ ಉಳಿದು ಬೀಜವೊಂದೇ ಮುಂದೆ ನಡೆಯಿತು. ಇಂದಿಗೂ ಬೆಂಗಳೂರು ಮೈಸೂರುಗಳ ಗ್ರಂಥಿಗೆ ಅಂಗಡಿಯಲ್ಲಿ ಬಿಹಿದಾನೆಯನ್ನು ಕೇಳಿದರೆ ಅಂಗಡಿಯವರು ಮರುಮಾತಿಲ್ಲದೆ ಪೊಟ್ಟಣ ಕಟ್ಟುತ್ತಾರೆ. ಆ ಬೀಜ ಯಾವ ಹಣ್ಣಿನದೆಂದು ಕೇಳಿದರೆ ಕೊಳ್ಳುವವರಿಗೂ ಮಾರುವವರಿಗೂ ಅದು ಅಗತ್ಯವಿಲ್ಲದ ಪ್ರಶ್ನೆಯೆನಿಸುತ್ತದೆ. ಹಣ್ಣನ್ನು ಕಾಣದೆಯೇ ಐದಾರು ಶತಮಾನ ಅದರ ಮದ್ದನ್ನು ಕುಡಿದ ಜನ ನಾವು.

ಪೋರ್ಚುಗೀಸರ ದಾರಿ ಬೇರೆಯದೇ. ಅವರ ನಾಡಿನಲ್ಲಿ ಬಿಹಿಯ ತಿರುಳನ್ನು ಸಕ್ಕರೆಯೊಡನೆ ಗಟ್ಟಿಯಾಗುವ ತನಕ ಕಾಯಿಸಿ, ತಟ್ಟೆಗೆ ಸುರಿದು, ಬಿಸಿಲಿನಲ್ಲಿ ಆರಿಸಿ, ಪೆಟ್ಟಿಗೆಗಳಲ್ಲಿ ತುಂಬುವ ಮಾರ್ಮೆಲಾದ ಎಂಬ ತಿನಿಸು ಪ್ರಸಿದ್ಧ. ಇದು ಗ್ಯಾಲೆನನು ಕಂಡ ಐಬೀರಿಯದ ಮಡಕೆಯ ಪದಾರ್ಥದ ವಂಶದ್ದೇ ಆಗಿದ್ದರೂ ಆಗಿರಬಹುದು. ಊಟದ ಕೊನೆಯಲ್ಲಿ ಪಚನಕ್ಕೆಂದು ಒಂದು ತುಂಡು ತಿನ್ನುವ ವಾಡಿಕೆಯಿಂದಾಗಿ ಅದು ಅರ್ಧ ಮಿಠಾಯಿ, ಅರ್ಧ ಔಷಧ. 1524ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ಎಕ್ಸೆಟರ್ ಊರಿನ ಗೃಹಸ್ಥನೊಬ್ಬನು ಇದರ ಪೆಟ್ಟಿಗೆಯೊಂದನ್ನು ಕಾಣಿಕೆಯಾಗಿ ಒಪ್ಪಿಸಿದನು. ಭವಿಷ್ಯವಾದಿಯೆಂದು ಖ್ಯಾತನಾದ ನೊಸ್ಟ್ರಡಾಮಸನು 1555ರಲ್ಲಿ ಅಚ್ಚಾದ ತನ್ನ ಪಾಕಗ್ರಂಥದಲ್ಲಿ ಬಿಹಿಯ ಪಾಕವನ್ನು ಬರೆದನು, ಮತ್ತು ನನ್ನ ಅಭಿಪ್ರಾಯದಲ್ಲಿ ಅವನ ಬರವಣಿಗೆಯಲ್ಲಿ ನಿಸ್ಸಂದೇಹವಾಗಿ ನಿಜವಾದ ಭಾಗ ಅದೇ. ಗೋವೆಗೆ ಬಂದ ಪೋರ್ಚುಗೀಸರಿಗೆ ಅಲ್ಲಿ ಬಿಹಿ ಸಿಕ್ಕಲಿಲ್ಲ. ತಾವೇ ಅಮೆರಿಕದಿಂದ ತಂದ ಸೀಬೆಹಣ್ಣಿನಿಂದ ಅದೇ ಕ್ರಮದಲ್ಲಿ ಪಾಕ ಮಾಡಿಕೊಂಡರು. ಗೋವೆಯಲ್ಲಿಯೂ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿಯೂ ಕ್ರಿಸ್ಮಸ್ಸಿಗೆ ವಜ್ರಾಕೃತಿಯಲ್ಲಿ ಕತ್ತರಿಸಿ ಹಂಚುವ ಕೆಂಪು ಪೆರಾದ್, ಬಿಹಿಯಿಲ್ಲದ ದೇಶದಲ್ಲಿ ಬಿಹಿಯ ತಿನಿಸು ಪಡೆದ ಮರುಹುಟ್ಟು.

ಗೋವೆಯಲ್ಲಿ ವೈದ್ಯವೃತ್ತಿ ನಡೆಸಿ 1563ರಲ್ಲಿ ಅಲ್ಲಿಯೇ ತನ್ನ ಸಂವಾದಗ್ರಂಥವನ್ನು ಅಚ್ಚು ಹಾಕಿಸಿದ ಗಾರ್ಸಿಯ ದ ಓರ್ತನು ಇನ್ನೂ ಸೂಕ್ಷ್ಮವಾದುದೊಂದನ್ನು ಗಮನಿಸಿದನು. ನಮ್ಮ ಬಿಲ್ವದ ಕಾಯಿಯನ್ನು ಅವನು ಬಂಗಾಳದ ಬಿಹಿಯೆಂದು ಕರೆದನು. ಲಿನೇಯಸನು ಬಿಲ್ವಕ್ಕೆ ಕೊಟ್ಟ ಶಾಸ್ತ್ರೀಯನಾಮದಲ್ಲಿಯೂ ಪೋರ್ಚುಗೀಸರ ಆ ಹೆಸರೇ ನಿಂತುಬಿಟ್ಟಿತು. ಸಸ್ಯಶಾಸ್ತ್ರದ ದೃಷ್ಟಿಯಿಂದ ಇವೆರಡಕ್ಕೂ ಯಾವ ಬಾಂಧವ್ಯವೂ ಇಲ್ಲ. ಬಿಲ್ವ ನಿಂಬೆಯ ಕುಲದ್ದು, ಬಿಹಿ ಗುಲಾಬಿಯ ಕುಲದ್ದು. ಆದರೆ ವೈದ್ಯನ ದೃಷ್ಟಿಯಿಂದ ಓರ್ತನ ಹೋಲಿಕೆ ಅತ್ಯಂತ ಸಮಂಜಸ. ಎರಡೂ ಪರಿಮಳದ ಫಲಗಳು, ಎರಡರಲ್ಲಿಯೂ ಒಗರೂ ಲೋಳೆಯೂ ಕೂಡಿವೆ, ಎರಡನ್ನೂ ಹೋಳುಮಾಡಿ ಬಿಸಿಲಿನಲ್ಲಿ ಒಣಗಿಸುತ್ತಾರೆ, ಎರಡನ್ನೂ ಕೊಡುವುದು ಅತಿಸಾರಕ್ಕೂ ಆಮಶಂಕೆಗೂ. ಡಯಾಸ್ಕೊರಿಡೀಸನು ಬಿಹಿಯ ಬಗ್ಗೆ ಬರೆದುದನ್ನೂ ನಮ್ಮ ವೈದ್ಯಗ್ರಂಥಗಳು ಬಿಲ್ವದ ಎಳೆಗಾಯಿಯ ಬಗ್ಗೆ ಹೇಳುವುದನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ, ಒಣಗಿದ ಬಿಹಿಯ ಹೋಳು ದಕ್ಷಿಣದವರೆಗೆ ಏಕೆ ಬರಲಿಲ್ಲವೆಂಬುದಕ್ಕೆ ಉತ್ತರ ತಾನೇ ದೊರೆಯುತ್ತದೆ: ಆ ಕೆಲಸಕ್ಕೆ ಇಲ್ಲಿ ಆಗಲೇ ಒಬ್ಬನಿದ್ದನು. ಶಿವಾಲಯದ ಹಿಂದೆ ಬಿಟ್ಟಿಯಾಗಿ ಸಿಕ್ಕುವುದನ್ನು ಖೊರಾಸಾನಿನಿಂದ ಹಣ ಕೊಟ್ಟು ತರಿಸುವವರಾರು? ಬೀಜಕ್ಕೆ ಮಾತ್ರ ಅಂತಹ ಪ್ರತಿಸ್ಪರ್ಧಿ ಸುಲಭವಾಗಿ ಸಿಕ್ಕಲಿಲ್ಲ.

ಈ ಒಣಹೋಳು ಈಚೆಗೆ ಅಂದವಾದ ಪೊಟ್ಟಣಗಳಲ್ಲಿ ಮರಳಿ ಬರುತ್ತಿದೆ, ಮತ್ತು ಅದರ ಹಿಂದೆಯೇ ಅದರ ಗುಣಗಾನವೂ ಬರುತ್ತಿದೆ. ಹೃದಯಕ್ಕೆ ಬಲ, ಮಧುಮೇಹಕ್ಕೆ ಕಡಿವಾಣ, ಅರ್ಬುದಕ್ಕೆ ತಡೆ, ಬೊಜ್ಜಿಗೆ ಮದ್ದು ಎಂದು ಸಾಲುಗಟ್ಟಿ ಬರೆದುದನ್ನು ಓದುವಾಗ, ಹೊಟ್ಟೆಗೂ ಗಂಟಲಿಗೂ ಹಿತವೆಂದಷ್ಟೇ ಹೇಳಿ ಸುಮ್ಮನಾದ ಹಳಬರ ಮಿತಭಾಷೆಯ ಮೇಲೆ ಗೌರವ ಹೆಚ್ಚುತ್ತದೆ. ಈ ಹಣ್ಣಿನಲ್ಲಿ ಪೆಕ್ಟಿನ್ ಎಂಬ ಕರಗುವ ನಾರು ಹೇರಳವಾಗಿದೆ, ಟ್ಯಾನಿನ್ ಇದೆ, ಕ್ಲೋರೊಜೆನಿಕ್ ಆಮ್ಲದ ವರ್ಗದ ದ್ರವ್ಯಗಳಿವೆ ಎಂಬುದು ನಿಜ. ಟ್ಯಾನಿನ್ ಕರುಳಿನ ಒಳಪೊರೆಯ ಮೇಲಿನ ಪ್ರೋಟೀನನ್ನು ಬಿಗಿಗೊಳಿಸುವುದರಿಂದಲೂ, ಪೆಕ್ಟಿನ್ ನೀರನ್ನು ಹಿಡಿದು ಮಲವನ್ನು ಗಟ್ಟಿಮಾಡುವುದರಿಂದಲೂ ಹಳಬರ ಅತಿಸಾರದ ಪ್ರಯೋಗಕ್ಕೆ ಸಕಾರಣವಾದ ಸಮರ್ಥನೆ ದೊರೆಯುತ್ತದೆ. ಇರಾನಿನಲ್ಲಿ ಮಕ್ಕಳ ಹುಳಿತೇಗಿಗೂ ಗರ್ಭಿಣಿಯರ ಎದೆಯುರಿಗೂ ಬಿಹಿಯ ಪಾಕವನ್ನು ಕೊಟ್ಟು ಪರೀಕ್ಷಿಸಿ ಆಶಾದಾಯಕವಾದ ಫಲವನ್ನು ಕಂಡಿದ್ದಾರೆ. ಆದರೆ ಅವು ಚಿಕ್ಕ ಪರೀಕ್ಷೆಗಳು, ಮತ್ತು ಕೊಟ್ಟದ್ದು ಪಾಕವನ್ನೇ ಹೊರತು ಒಣಹೋಳನ್ನಲ್ಲ. ಉಳಿದ ಮಹಿಮೆಗಳಲ್ಲಿ ಬಹುಪಾಲು ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿಯೂ ಇಲಿಗಳ ಮೇಲೆಯೂ ಕಂಡವು. ಜೀವಸತ್ವ ಸಿ ವಿಷಯವನ್ನಂತೂ ಎತ್ತದಿರುವುದೇ ಲೇಸು: ಹಸಿಯ ಹಣ್ಣಿನ ನೂರು ಗ್ರಾಮಿನಲ್ಲಿ ಇರುವುದೇ 15 ಮಿಲಿಗ್ರಾಂ, ಬಿಸಿಲೂ ಗಾಳಿಯೂ ತಾಗಿದ ಮೇಲೆ ಅದರಲ್ಲಿ ಉಳಿಯುವುದು ಅತ್ಯಲ್ಪ. ಅದು ಬೇಕಾದವರು ಬೆಟ್ಟದ ನೆಲ್ಲಿಯನ್ನು ತಿಂದರೆ ಸಾಕು.

ಕೊಳ್ಳುವವರು ಎರಡು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು. ಒಣಬಿಹಿಯೆಂದು ಮಾರುವುದರಲ್ಲಿ ಸಕ್ಕರೆಪಾಕದಲ್ಲಿ ಅದ್ದಿ ಆರಿಸಿದ ಹೋಳೂ ಉಂಟು. ಅದು ಮೃದುವಾಗಿ, ಅರೆಪಾರದರ್ಶಕವಾಗಿ, ಬೆರಳಿಗೆ ಅಂಟುತ್ತದೆ, ರುಚಿಯಾಗಿಯೂ ಇರುತ್ತದೆ, ಆದರೆ ಅದು ಮಿಠಾಯಿ. ಸಕ್ಕರೆ ರೋಗದವರು ಅದನ್ನು ಮದ್ದೆಂದು ತಿನ್ನಬಾರದು. ನಿಜವಾದ ಒಣಹೋಳನ್ನು ರಾತ್ರಿ ನೆನೆಹಾಕಿ ಬೇಯಿಸದೆ ತಿನ್ನುವುದು ಹಲ್ಲಿಗೆ ಶಿಕ್ಷೆ. ಮಲಬದ್ಧತೆಯಿರುವವರಿಗೆ ಹೊಟ್ಟೆಗೂ ಶಿಕ್ಷೆಯೇ. ಬೀಜದಲ್ಲಿ ಹೆಚ್ಚಿನ ಎಚ್ಚರ ಬೇಕು. ಅದರ ಒಳತಿರುಳಿನಲ್ಲಿ, ಕಹಿಬಾದಾಮಿಯಲ್ಲಿರುವಂತೆ, ಅಮಿಗ್ಡಲಿನ್ ಎಂಬ ದ್ರವ್ಯವಿದ್ದು, ಜಜ್ಜಿದಾಗ ಅದರಿಂದ ಸೈನೈಡ್ ವಿಷ ಬಿಡುಗಡೆಯಾಗುತ್ತದೆ. ಹಕೀಮರು ಇಡಿಯ ಬೀಜವನ್ನು ತಣ್ಣೀರಿನಲ್ಲಿ ನೆನೆಸಿ, ಸೋಸಿ, ಬೀಜವನ್ನು ಎಸೆದುಬಿಡುವಂತೆ ವಿಧಿಸಿದುದರಲ್ಲಿ ಅನುಭವದ ವಿವೇಕವಿತ್ತು. ಪುಡಿಮಾಡಿ ಹಾಲಿಗೆ ಬೆರೆಸುವ ಹೊಸ ಉತ್ಸಾಹಿಗಳು ಆ ವಿಧಿಯನ್ನು ಕೊನೆಯವರೆಗೆ ಓದಿದಂತಿಲ್ಲ.

ಕಾಶ್ಮೀರದಲ್ಲಿ ಹೋಖ್ ಸ್ಯೂನಿನ ಸ್ಥಿತಿಯೂ ಈಗ ಮೊದಲಿನಂತಿಲ್ಲ. ಬನಿಹಾಲದ ಕಣಿವೆದಾರಿ ಹಿಮದಿಂದ ಮುಚ್ಚಿಹೋದರೆ ತಿಂಗಳುಗಟ್ಟಲೆ ಹೊರಗಿನ ತರಕಾರಿ ಕಾಣದಿದ್ದ ಕಾಲದಲ್ಲಿ ಒಣಗಿಸಿಡುವುದು ಜೀವನೋಪಾಯವಾಗಿತ್ತು. 1956ರ ಡಿಸೆಂಬರಿನಲ್ಲಿ ಆ ಬೆಟ್ಟವನ್ನು ಕೊರೆದು ಮಾಡಿದ ಸುರಂಗಮಾರ್ಗ ತೆರೆದ ಮೇಲೆ ಲಾರಿಗಳು ಚಳಿಗಾಲದಲ್ಲಿಯೂ ಓಡಾಡತೊಡಗಿ, ಒಣತರಕಾರಿ ಅವಶ್ಯಕತೆಯ ಪಟ್ಟಿಯಿಂದ ಅಭಿರುಚಿಯ ಪಟ್ಟಿಗೆ ಸರಿಯಿತು. ತೋಟಗಳೂ ಬದಲಾದವು. ಸೇಬಿಗೆ ದೇಶದ ಮಾರುಕಟ್ಟೆಯೆಲ್ಲ ಬಾಯಿ ತೆರೆದು ನಿಂತಿರುವಾಗ, ಕಚ್ಚಲು ಬಾರದ ಹಣ್ಣಿನ ಮರಕ್ಕೆ ನೀರೆರೆಯುವವರು ಕಡಿಮೆ. ಇರುವ ಬಿಹಿಮರಗಳು ಹೆಚ್ಚಾಗಿ ಹಿತ್ತಲಲ್ಲಿಯೋ ಸೇಬಿನ ತೋಟದ ಅಂಚಿನಲ್ಲಿಯೋ ಒಂದೆರಡಾಗಿ ನಿಂತಿವೆ. ಆದರೂ ಚಳಿ ಇಳಿಯುವ ವೇಳೆಗೆ ಶ್ರೀನಗರದ ಹಳೆಯ ಪೇಟೆಯ ಬೀದಿಗಳಲ್ಲಿ ಒಣಸೋರೆ ಒಣಬದನೆಗಳ ಬುಟ್ಟಿಗಳ ಮಗ್ಗುಲಲ್ಲಿ ಬಿಹಿಯ ಕಂದುಹೋಳುಗಳೂ ಕಾಣಿಸಿಕೊಳ್ಳುತ್ತವೆ. ಹೆಚ್ಚುವ, ಹರವುವ, ಸಂಜೆ ಮಂಜು ಬೀಳುವ ಮೊದಲು ಒಳಗೆ ತರುವ ಕೆಲಸವೆಲ್ಲ ಈಗಲೂ ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸರದ್ದೇ. ಪೇಟೆಗೆ ಬರುವುದು ಅವರ ಮನೆಯ ಚಳಿಗಾಲಕ್ಕೆ ಸಾಕಾಗಿ ಮಿಕ್ಕದ್ದು.